ಅರ್ಧಕ್ಕೆ ನಿಂತ ಓದು

ಈಚೆಗೆ ಒಂದು ಮಧ್ಯಾಹ್ನ ಕನಕಪುರದಿಂದ ರಾಮನಗರಕ್ಕೆ ಹೋಗುವ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಟ್ಟರು. ಆಗತಾನೆ ಕೊಯ್ದ ಸೊಪ್ಪಿನ ಹಸಿ ಹಸಿ ವಾಸನೆ, ಅದರೊಳಗೆ ಸಣ್ಣಗೆ ಹಾಲಿನ ಒಗರು. ಅದು ಮೂಗಿಗೆ ಬಡಿದದ್ದೇ ತಡ, ಕಂಡಕ್ಟರು ಎರಡು ಸಲ ಕೂಗಿದರೂ ನನಗೆ ಕೇಳಿಸಲಿಲ್ಲ. ನಾನು ಅರ್ಕಾವತಿಯ ದಂಡೆಯ ನಮ್ಮ ಹೆಂಚಿನ ಮನೆಯೊಳಗಿದ್ದೆ. ಆ ಮನೆಯಲ್ಲಿ ಅರ್ಧ ನಮಗೆ, ಅರ್ಧ ರೇಷ್ಮೆ ಹುಳುವಿಗೆ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಹೊಸ ಸೀರೆಯ ಮಡಿಕೆ ಬಿಚ್ಚುತ್ತಲೇ ಇದ್ದಾರೇನೋ ಎನ್ನುವ ಹಾಗೆ ಹಗಲಿಡೀ ಕೇಳುತ್ತಿತ್ತು. ನಡುಮನೆಯ ಗೋಡೆಯಲ್ಲಿ ಯೇಸುಸ್ವಾಮಿಯ ಪಟ, ಪಕ್ಕದಲ್ಲಿ ಮಾತೆಯ ಪಟ, ಕೆಳಗೆ ಮೊಳೆಗೆ ತೂಗುಬಿಟ್ಟ ಜಪಸರ. ಆ ಪಟಗಳ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ನಮ್ಮ ತಾತ.

ತಾತನ ಹೆಸರು ರಾಯಪ್ಪ. ಊರಿನಲ್ಲಿ ಯಾರೂ ಬರೀ ರಾಯಪ್ಪ ಎನ್ನುತ್ತಿರಲಿಲ್ಲ, ಉಪದೇಶಿ ರಾಯಪ್ಪನೋರು ಎನ್ನುತ್ತಿದ್ದರು. ನಮ್ಮದು ಐವತ್ತು ಅರವತ್ತು ಮನೆಗಳ ಕ್ರೈಸ್ತರ ಊರು. ಕನಕಪುರದಿಂದ ಪಾದ್ರಿ ಸ್ವಾಮಿಗಳು ಪೂಜೆಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಊರ ಸಣ್ಣ ಚರ್ಚಿನಲ್ಲಿ ಬೈಬಲ್ಲಿನ ಶಾಸ್ತ್ರಪಾಠ ಓದಿ, ಅದರ ಅರ್ಥ ಹೇಳಿ, ಪ್ರಾರ್ಥನೆ ನಡೆಸುವುದು ಉಪದೇಶಿಯ ಕೆಲಸ. ತಾತ ಅದನ್ನು ನಲವತ್ತು ವರ್ಷ ಮಾಡಿದ್ದರು. ಭಾನುವಾರ ಬೆಳಿಗ್ಗೆ ನೀಲಿ ಹಾಕಿದ ಬಿಳೀ ಶರಟು ತೊಟ್ಟು, ಪುಸ್ತಕವನ್ನು ಎದೆಗೆ ಅವಚಿಕೊಂಡು ಅವರು ಬೀದಿಗಿಳಿದರೆ ಜಗುಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಅವರಿಗೆ ಅದು ಇಷ್ಟವಿತ್ತು. ಈಗ ಹೇಳಬಹುದು, ತುಸು ಜಾಸ್ತಿಯೇ ಇಷ್ಟವಿತ್ತು. ಕಟ್ಟುನಿಟ್ಟಿನ ಮನುಷ್ಯ. ಚರ್ಚಿನಲ್ಲಿ ತಡವಾಗಿ ಬಂದವರನ್ನು ಓದು ನಿಲ್ಲಿಸಿ ನೋಡುತ್ತಿದ್ದರು. ಹೆಂಡತಿ ತೀರಿಹೋಗಿ ಒಬ್ಬನೇ ಕುರಿ ಕಾಯ್ದುಕೊಂಡಿದ್ದ ಚೌರಪ್ಪ ಒಂದು ಊರಹಬ್ಬದ ದಿನ ಕುಡಿದು ಬಂದು ಪೀಠದ ಮುಂದೆಯೇ ಬಿದ್ದುಬಿಟ್ಟಿದ್ದ. ತಾತ ಅವನ ರಟ್ಟೆ ಹಿಡಿದು ಎಲ್ಲರೆದುರಿಗೆ ಹೊರಗೆ ಬಿಟ್ಟು, "ಇನ್ನೊಂದ್ಸಲ ಈ ಹೊಸ್ತಿಲು ತುಳ್ದೀಯ ಜೋಕೆ" ಎಂದಿದ್ದರು. ಅಂದಿನಿಂದ ಚೌರಪ್ಪ ಒಳಗೆ ಬರಲಿಲ್ಲ. ಆದರೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹೊರಗಿನ ಹೊಂಗೆಮರದ ಕೆಳಗೆ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು, ಓದು ಮುಗಿಯುವ ತನಕ ನಿಂತಿರುತ್ತಿದ್ದ.

ನನಗೆ ಆಗ ಹನ್ನೊಂದು ವರ್ಷ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದ ಮೇಲೆ ಮಾರನೆಯ ದಿನದ ಶಾಸ್ತ್ರಪಾಠವನ್ನು ತಾತನಿಗೆ ಮೂರು ಸಲ ಓದಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. "ನಿನ್ ನಾಲ್ಗೆ ತಿದ್ಲಿ ಅಂತ ಕಣವ್ವ" ಎನ್ನುತ್ತಿದ್ದರು. ನಾನು ಓದುವಾಗ ಅವರ ತುಟಿ ನನ್ನ ಹಿಂದೆಯೇ ಅಲುಗಾಡುತ್ತಿತ್ತು. ಒಂದು ಶನಿವಾರ ತುಂಟತನಕ್ಕೆ, ಓದಿ ಮುಗಿಸಿದ ಮೇಲೆ ಶಾಸ್ತ್ರದ ಬದಲು ನನ್ನ ಸಮಾಜ ಪಾಠದ ಪುಸ್ತಕವನ್ನು ಅವರ ಕೈಗಿಟ್ಟೆ. ತಾತ ಅದನ್ನೇ ಕಣ್ಣಿಗೊತ್ತಿಕೊಂಡು ಜೋಪಾನವಾಗಿ ಗೋಡೆಯ ಗೂಡಿನಲ್ಲಿಟ್ಟರು. ನಗಬೇಕೆಂದು ಬಾಯಿ ತೆರೆದವಳಿಗೆ ನಗು ಬರಲಿಲ್ಲ. ತಾತನಿಗೆ ಅಕ್ಷರ ಕಾಣುತ್ತಿಲ್ಲ, ಪುಸ್ತಕವೂ ಕಾಣುತ್ತಿಲ್ಲ. ಪ್ರತಿ ಭಾನುವಾರ ಅವರು ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದರು. ಹುಟ್ಟಿದ ಮನೆ, ಹುಟ್ಟಿದ ಬೀದಿ, ಎಣಿಸಿಟ್ಟ ಹೆಜ್ಜೆಗಳು. ಅಪ್ಪ ಅಮ್ಮನಿಗೆ ಕೂಡ ಗೊತ್ತಾಗದ ಹಾಗೆ ಬಚ್ಚಿಟ್ಟಿದ್ದರು. ನಾನೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಬಿಳೀ ಶರಟು ಇನ್ನು ಬೀದಿಗೆ ಇಳಿಯುವುದಿಲ್ಲ ಎಂದು ಆ ವಯಸ್ಸಿಗೂ ತಿಳಿದಿತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶನಿವಾರ, ರಾತ್ರಿಯೊಳಗೆ ತಿರುಗಿ ಬರುವ ಹಾಗೆ, ಅಮ್ಮ ಚನ್ನಪಟ್ಟಣದ ಚಿಕ್ಕಮ್ಮನ ಮನೆಗೆ ಹೊರಟಿದ್ದಳು. ನನ್ನನ್ನೂ ಕರೆದೊಯ್ದು, ಅರಗಿನ ಬಣ್ಣದ ಅಡುಗೆ ಆಟದ ಸಾಮಾನು ಕೊಡಿಸುವ ಮಾತಾಗಿತ್ತು. ಬಸ್ಸು ಒಂದು ಗಂಟೆಗೆ. ಅವತ್ತಿನ ಪಾಠವೋ ಬಲು ಉದ್ದ. ಹುಟ್ಟುಕುರುಡನೊಬ್ಬನ ಕಣ್ಣಿಗೆ ಯೇಸುಸ್ವಾಮಿ ಮಣ್ಣು ಕಲಸಿ ಹಚ್ಚುತ್ತಾರೆ, ಅವನು ಹೋಗಿ ಕೊಳದಲ್ಲಿ ತೊಳೆದುಕೊಂಡು ಕಣ್ಣು ಬಂದು ತಿರುಗಿ ಬರುತ್ತಾನೆ. ಅಲ್ಲಿಗೇ ಪುಸ್ತಕ ಮುಚ್ಚಿದೆ. ಮುಂದೆ ಒಂದೂವರೆ ಪುಟ ಉಳಿದಿತ್ತು.

"ಅಷ್ಟೇಯಾ?" ತಾತ ಕೇಳಿದರು.

"ಅಷ್ಟೇ ತಾತ."

ಅವರು ಮುಚ್ಚಿದ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, "ಸರಿ ಹಂಗಾರೆ" ಎಂದರು. ನಾನು ಓಡಿದೆ.

ಮಾರನೆಯ ದಿನ ಸ್ವಾಮಿಗಳು ಬರುವ ಭಾನುವಾರವಲ್ಲ. ಆದರೂ ಕನಕಪುರಕ್ಕೆ ಹೊಸದಾಗಿ ಬಂದಿದ್ದ ಎಳೆಯ ಸ್ವಾಮಿಗಳು ಯಾರಿಗೂ ಹೇಳದೆ ಬೈಕಿನಲ್ಲಿ ಬಂದು ಹಿಂದಿನ ಚಾಪೆಯಲ್ಲಿ ಕೂತಿದ್ದರು. ತಾತ ಪುಸ್ತಕ ತೆರೆದು, ಪುಟದ ಮೇಲೆ ಬೆರಳಾಡಿಸುತ್ತ, ಗಂಟೆ ಹೊಡೆದ ಹಾಗೆ ಹೇಳಿಕೊಂಡು ಹೋದರು. ಕುರುಡ ಕಣ್ಣು ಬಂದು ತಿರುಗಿ ಬಂದ. ತಾತ ಪುಸ್ತಕ ಮುಚ್ಚಿದರು. ಹಿಂದಿನಿಂದ ಸ್ವಾಮಿಗಳ ಮೆದುವಾದ ದನಿ ಬಂತು: "ಉಪದೇಶಿಗಳೇ, ಇನ್ನೂ ಅರ್ಧ ಇದೆಯಲ್ಲ. ಮುಂದಕ್ಕೆ ಓದಿ."

ತಾತ ಮತ್ತೆ ಪುಸ್ತಕ ತೆರೆದರು. ಒಂದು ಪುಟ ಮಗುಚಿದರು, ಇನ್ನೊಂದು ಮಗುಚಿದರು. ಜನ ಕೆಮ್ಮಿದರು, ಆಮೇಲೆ ಕೆಮ್ಮೂ ನಿಂತಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಾತ ಪುಟ ಮಗುಚುವುದನ್ನು ಬಿಟ್ಟರು. ಬೆಳಕು ಸಾಲದು ಎನ್ನಬಹುದಿತ್ತು, ಮೊಮ್ಮಗಳು ಇಷ್ಟೇ ಓದಿದಳು ಎನ್ನಬಹುದಿತ್ತು. ಅವರು ಎರಡನ್ನೂ ಹೇಳಲಿಲ್ಲ.

"ಸ್ವಾಮಿ, ನಂಗೆ ಓದಾಕ್ ಆಗಾಕಿಲ್ಲ. ಕಣ್ ಹೋಗಿ ಎಲ್ಡು ವರ್ಸಾಯ್ತು. ಇಷ್ಟ್ ದಿನ ನಿಮ್ಗೆಲ್ಲ ಓದ್ತಾವ್ನಿ ಅಂತ ಸುಳ್ ಹೇಳ್ತಿದ್ದೆ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಎದ್ದವರು ಎದ್ದಲ್ಲೇ ನಿಂತರು. ಸ್ವಾಮಿಗಳು ಮುಂದೆ ಬಂದು ತಾತನ ಹೆಗಲ ಮೇಲೆ ಕೈಯಿಟ್ಟು, ಓದಬಲ್ಲವರು ಯಾರಾದರೂ ಬನ್ನಿ ಎಂದರು. ತಾತ ನನ್ನ ಕಡೆಗೆ ಮುಖ ತಿರುಗಿಸಿ, "ಸೆಲೀನಾ, ಬಾರವ್ವ" ಎಂದರು. ಹೋದೆ. ಬಿಕ್ಕುತ್ತ ಬಿಕ್ಕುತ್ತ ನಾನು ಬಿಟ್ಟ ಒಂದೂವರೆ ಪುಟ ಓದಿದೆ. ಕಣ್ಣು ಬಂದವನನ್ನು ಊರ ದೊಡ್ಡವರು ನಂಬುವುದಿಲ್ಲ, ಪಾಪಿ ಎನ್ನುತ್ತಾರೆ, ಹೊರಗೆ ಹಾಕುತ್ತಾರೆ. ಹೊರಗೆ ಹಾಕಿದರೆಂದು ಕೇಳಿದ ಯೇಸುಸ್ವಾಮಿ ಅವನನ್ನು ಹುಡುಕಿಕೊಂಡು ಹೋಗುತ್ತಾರೆ. ತಮಗೆ ಕಣ್ಣಿದೆ ಎಂದುಕೊಂಡವರೇ ಕುರುಡರು ಎಂದು ಕೊನೆಗೆ ಹೇಳುತ್ತಾರೆ.

ಓದು ಮುಗಿದಾಗ ತಾತ ಅರ್ಥ ಹೇಳಲಿಲ್ಲ. ಕೈ ಮುಂದೆ ಚಾಚಿ, ಇಷ್ಟು ದಿನ ಎಂದೂ ಮಾಡದ ಹಾಗೆ ಎಲ್ಲರ ಕಣ್ಣೆದುರು ತಡಕಾಡುತ್ತ, ಚಾಪೆಗಳ ನಡುವೆ ಬಾಗಿಲಿಗೆ ಬಂದರು. ಹೊಸ್ತಿಲ ಮೇಲೆ ನಿಂತು ಕೂಗಿದರು: "ಚೌರಾ, ಎಲ್ಲಿದ್ದೀಯಲಾ?"

"ಇಲ್ಲೇ ಅವ್ನಿ ಕಣಣ್ಣ." ಹೊಂಗೆಮರದಡಿಯ ದನಿ ಹೆದರಿತ್ತು.

"ಒಸಿ ಕೈ ಕೊಡ್ಲಾ. ಮೆಟ್ಲು ಕಾಣಾಕಿಲ್ಲ."

ಚೌರಪ್ಪ ಹತ್ತಿರ ಬಂದ. ಹೊಸ್ತಿಲ ಆಚೆಯೇ ನಿಂತು ಕೈ ಚಾಚಿದ. ತಾತ ಆ ಕೈ ಹಿಡಿದರು, ಆದರೆ ಮೆಟ್ಟಿಲಿಳಿಯಲಿಲ್ಲ. ಅವನನ್ನೇ ಒಳಗೆ ಎಳೆದುಕೊಂಡರು. "ನಂಗೊತ್ತಿತ್ತು ಕಣಣ್ಣ, ಬಾಗ್ಲು ತಡಕ್ತಿದ್ದೆಯಲ್ಲ" ಎಂದ ಚೌರಪ್ಪ, ಅಪರಾಧ ತನ್ನದೇ ಎನ್ನುವಂತೆ. ಭಾನುವಾರ ಕೋಳಿ ಕೂಗುವ ಹೊತ್ತಿಗೇ ಎದ್ದು ನಮ್ಮ ಮನೆಯಿಂದ ಚರ್ಚಿನವರೆಗಿನ ದಾರಿಯ ಕಲ್ಲು ಮುಳ್ಳು ತೆಗೆದುಹಾಕುತ್ತಿದ್ದನಂತೆ. ಎರಡು ವರ್ಷ. ಒಳಗೆ ಕೂತ ನಮಗಾರಿಗೂ ಕಾಣದ್ದು ಹೊರಗೆ ಹಾಕಿಸಿಕೊಂಡವನಿಗೆ ಕಂಡಿತ್ತು. ತಾತ ಅವನನ್ನು ಮುಂದಿನ ಚಾಪೆಗೆ ಕರೆತಂದು, ತಾವೂ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಇಬ್ಬರು ಮುದುಕರೂ ಅತ್ತರು. ಸ್ವಾಮಿಗಳು ಕಿಟಕಿಯ ಕಡೆ ನೋಡುತ್ತ ನಿಂತರು.

ಎರಡು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ, ಹುಳುಮನೆಯ ತಟ್ಟೆಗಳ ಹಿಂದೆ ತಾತನ ಮಡಿಲಿಗೆ ಬಿದ್ದು, ಬಸ್ಸಿಗಾಗಿ ಬೇಕಂತಲೇ ಬಿಟ್ಟೆ ಎಂದು ಹೇಳಿಬಿಟ್ಟೆ. ತಾತ ನನ್ನ ತಲೆ ನೇವರಿಸುತ್ತ, "ಬಸ್ಸು ಸಿಕ್ತಾ?" ಎಂದು ಕೇಳಿದರು. ಆಮೇಲೆ ಹೇಳಿದರು: "ನಲವತ್ತು ವರ್ಸ ಓದಿರೋ ಕತೆ ಕಣವ್ವ. ನೀ ಅರ್ಧಕ್ಕೆ ನಿಲ್ಸಿದ್ದು ನಂಗೊತ್ತಾಯ್ತು. ಮುಂದಿಂದು ನಂಗೂ ಬೇಕಾಗಿರ್ಲಿಲ್ಲ. ಹೊರ್ಗಡೆ ಚೌರ ನಿಂತಿರ್ತಾನಲ್ಲ, ಅವ್ನ ಮುಂದೆ ಅದನ್ನ ಎಂಗ್ ಓದ್ಲಿ?"

ಅಪ್ಪ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿನ ನರ ಒಣಗಿದೆ, ಮೊದಲೇ ಬಂದಿದ್ದರೆ ಒಂದಷ್ಟು ಉಳಿಸಬಹುದಿತ್ತು ಎಂದರು ಡಾಕ್ಟರು. ಬಚ್ಚಿಟ್ಟದ್ದು ಯಾಕೆ ಎಂದು ಅಪ್ಪ ದಾರಿಯುದ್ದಕ್ಕೂ ಸಿಡುಕಿದರಂತೆ. ಚರ್ಚಿನಲ್ಲಿ ಮಾತ್ರ ತಾತನ ಜಾಗ ಹೋಗಲಿಲ್ಲ. ನಾನು ಓದುತ್ತಿದ್ದೆ, ಅವರು ಅರ್ಥ ಹೇಳುತ್ತಿದ್ದರು. ನಿಂತು ಅಲ್ಲ, ಚಾಪೆಯ ಮೇಲೆ ಜನರ ನಡುವೆ ಕೂತು. ಮೊದಲಿನ ಗಂಟೆಯ ದನಿ ಹೋಗಿ, ಒಲೆಯ ಮುಂದೆ ಮಾತಾಡುವ ದನಿ ಬಂದಿತ್ತು. ಮೊದಲು ಅವರು ದೇವರ ಬಗ್ಗೆ ಹೇಳುತ್ತಿದ್ದರು. ಆಮೇಲೆ ಈಗಷ್ಟೇ ಭೇಟಿಯಾಗಿ ಬಂದವರ ಹಾಗೆ ಹೇಳತೊಡಗಿದರು. ಚೌರಪ್ಪ ಕುಡಿತ ಪೂರ್ತಿ ಬಿಟ್ಟ ಎಂದರೆ ಸುಳ್ಳಾದೀತು. ಕುಡಿದ ಭಾನುವಾರಗಳಲ್ಲೂ ತಾತ ಅವನ ಕೈ ಹಿಡಿದೇ ಮನೆಗೆ ಬರುತ್ತಿದ್ದರು. ಇಬ್ಬರೂ ತೂರಾಡಿಕೊಂಡು ಬರುವುದನ್ನು ನೋಡಿ ಅಮ್ಮ ನಗುತ್ತಿದ್ದಳು.

ಆ ಮನೆ ಈಗ ಇಲ್ಲ. ಹುಳುಮನೆಯ ಜಾಗದಲ್ಲಿ ಸೈಟುಗಳ ಕಲ್ಲು ನಿಂತಿದೆ. ಹಳೆಯ ಚರ್ಚು ಹೋಗಿ ಟೈಲ್ಸ್ ಹಾಕಿದ ದೊಡ್ಡದು ಬಂದಿದೆ, ಮೈಕು ಬಂದಿದೆ. ಅಪ್ಪ, ಅಮ್ಮ, ತಾತ, ಚೌರಪ್ಪ, ಎಲ್ಲರೂ ಊರಾಚೆಯ ಒಂದೇ ತೋಪಿನಲ್ಲಿ ಮಲಗಿದ್ದಾರೆ. ಈ ಮಾತನ್ನು ಹೌದು ಎನ್ನಲು ಇನ್ನು ಯಾರೂ ಉಳಿದಿಲ್ಲ. ನಿಮಗೂ ಅಂಥ ಒಂದು ಮನೆ ಇದ್ದಿರಬೇಕು, ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ತಾತ ಹಾಸಿಗೆ ಹಿಡಿದ ವರ್ಷ ನನಗೆ ಹದಿನಾರು. ಒಂದು ಬಿಸಿಲ ಮಧ್ಯಾಹ್ನ ನಾನು ಜಗುಲಿಯಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ. ಒಳಗಿನಿಂದ ತಾತ, "ಹೊರ್ಗೆ ಯಾರವ್ವ?" ಎಂದರು.

ತಲೆಯೆತ್ತಿ ಬೀದಿ ನೋಡಿದೆ. "ಯಾರೂ ಇಲ್ಲ ತಾತ."

"ಸರ್ಯಾಗ್ ನೋಡವ್ವ."

ಎದ್ದು ಬಂದು ನೋಡಿದೆ. ಎದುರು ಮನೆಯ ಗೋಡೆಯ ಗೇಣು ನೆರಳಿನಲ್ಲಿ, ಬೇರೆ ಊರಿನ ಒಬ್ಬ ಮುದುಕಿ ಗಂಟು ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ. ಪುಸ್ತಕದಿಂದ ಎಷ್ಟೋ ಸಲ ಕಣ್ಣೆತ್ತಿ ನಾನು ಅವಳನ್ನು ದಾಟಿಯೇ ನೋಡಿದ್ದೆ.

"ಒಬ್ಬಜ್ಜಿ ಅವ್ಳೆ ತಾತ."

"ಉಂಡವ್ಳಾ ಕೇಳು" ಎಂದರು ತಾತ. ನಾನು ಬಿಸಿಲಿಗಿಳಿದೆ.