ಹಡಗಿಗೆ ಬಣ್ಣ, ತಂಗಿಯ ಮೇಲೆ ಕಣ್ಣು

ತಂಗಿಯ ಏಳಿಗೆ ಕಂಡರೆ ಕಾಮ್ ಹೋ ಎಂಬವಳಿಗೆ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಆ ಅಕ್ಕನ ದೋಣಿಯಲ್ಲೇ ಕುಂಚ ಹಿಡಿದು ಬದುಕಿದವಳು ನಾನು, ಮುಚ್ಚಿಟ್ಟು ಏನು ಮಾಡಲಿ?

ಹಾಂಗ್‌ಕಾಂಗ್ ಬಂದರಿಗೆ ಬ್ರಿಟಿಷರ ಯುದ್ಧನೌಕೆ ಬಂದರೆ, ದೋಣಿಯ ಹೆಂಗಸರು ನಾವು ತುಕ್ಕು ಕೆರೆದು ಬಣ್ಣ ಬಳಿಯುತ್ತಿದ್ದೆವು. ಕೂಲಿಯೆಂದು ಕಾಸು ಕೊಡುತ್ತಿರಲಿಲ್ಲ. ಹಡಗಿನ ಮುಸುರೆ, ಹಳೆ ಹಗ್ಗ, ತಗಡು ನಮಗೆ. ಮುಸುರೆಯನ್ನು ಹಂದಿ ಸಾಕುವವರಿಗೆ ಮಾರುತ್ತಿದ್ದೆವು, ನಾವಿಕರಿಗೆ ಸೋಡಾನೂ. ಯಾವ ದೋಣಿಗೆ ಯಾವ ಹಡಗು ಎಂಬುದು ನೌಕಾಪಡೆಯ ಅಧಿಕಾರಿಯ ಮರ್ಜಿ. ಆ ಮರ್ಜಿ ಸದಾ ತಂಗಿ ಯುಕ್ ಲಿನ್ ನಡೆಸುವ ದೋಣಿಯ ಕಡೆಗೇ ವಾಲುತ್ತಿತ್ತು.

"ನಗ್ತಾ ನಗ್ತಾ ಹಡಗೆಲ್ಲ ನುಂಗ್ತಾಳೆ, ಮಾಟಗಾತಿ!" ಎಂದು ಕಾಮ್ ಹೋ ಉಗಿಯುತ್ತಿದ್ದಳು.

ಒಮ್ಮೆ ದೊಡ್ಡ ಹಡಗೊಂದು ಬಂತು. ಬೆಳಕು ಹರಿಯುವ ಮುಂಚೆಯೇ ಕಾಮ್ ಹೋ ನಮ್ಮನ್ನು ಎಬ್ಬಿಸಿ ದೋಣಿ ಓಡಿಸಿದಳು. ತಂಗಿಯ ದೋಣಿಯ ಸುಳಿವೇ ಇಲ್ಲ. ಹಡಗು ನಮಗೇ ಸಿಕ್ಕಿತು. ಕಾಮ್ ಹೋ ಕುಣಿಯುವುದೊಂದು ಬಾಕಿ.

ಸಂಜೆ ದಡಕ್ಕೆ ಯುಕ್ ಲಿನ್ ಬಂದಳು, ಕಾರ್ಖಾನೆಯ ನೀಲಿ ಅಂಗಿಯಲ್ಲಿ.

"ಅಕ್ಕಾ, ಇನ್ಮೇಲೆ ಹಡಗೆಲ್ಲ ನಿಂದೇ ಕಣೆ. ನಾನು ರೇಡಿಯೋ ಕಾರ್ಖಾನೆ ಸೇರ್ದೆ. ಇಲ್ಲಿರೋ ಬ್ರಿಟಿಷ್ ಪಡೆ ಖರ್ಚಲ್ಲಿ ದೊಡ್ಡ ಪಾಲು ಇನ್ನು ನಮ್ ಹಾಂಗ್‌ಕಾಂಗ್ ಸರ್ಕಾರನೇ ಕೊಡ್ಬೇಕಂತೆ. ಆದ್ರೂ ಹಡಗು ಕಮ್ಮಿ ಆಗ್ತಾವಂತೆ, ಅಧಿಕಾರಿ ಹೇಳಿದ್ರು."

"ನಿಂಗೇ ಹೇಳಿದ್ರಾ? ನಂಗ್ಯಾಕೆ ಹೇಳ್ಲಿಲ್ಲ?"

"ಅದಿರ್ಲಿ ಬಿಡೆ. ಕಾರ್ಖಾನೇಲಿ ನಿಂಗೂ ಒಂದ್ ಜಾಗ ಹೇಳಿಟ್ಟಿದೀನಿ. ಬಾ."

"ನೀ ಕಡಿದು ಬಿಸಾಕಿದ ಮೂಳೆ ನಂಗೆ ಬೇಡ, ಹೋಗೇ!"

ಅವಳಿಗೆ ಬೇಕಿತ್ತು. ಕಣ್ಣು ಆ ನೀಲಿ ಅಂಗಿಯನ್ನು ಬಿಟ್ಟು ಕದಲಲೇ ಇಲ್ಲ. ಆದರೆ ತಂಗಿಯ ಕೈಯಿಂದ ಪಡೆಯುವುದಕ್ಕಿಂತ ಉಪವಾಸ ಸಾಯುವುದೇ ಅವಳಿಗೆ ಮೇಲು.

ಯುಕ್ ಲಿನ್ ಹೇಳಿದಂತೆಯೇ ಆಯಿತು. ಹಡಗುಗಳು ಅಪರೂಪವಾದವು, ಮುಸುರೆಯೂ ಇಲ್ಲ, ಸೋಡಾ ಕೊಳ್ಳುವವರೂ ಇಲ್ಲ. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ದೋಣಿ ಬಿಟ್ಟರು. ಕೊನೆಗೆ ನಾನೂ ನಾಚಿಕೆ ಬಿಟ್ಟು ಯುಕ್ ಲಿನ್ ಬಾಗಿಲು ತಟ್ಟಿದೆ.

"ಅಕ್ಕ ಬರ್ತಾಳೇಂತ ಮೇಸ್ತ್ರಿ ಕಾಲು ಹಿಡಿದು ಇಷ್ಟು ದಿನ ಆ ಜಾಗ ಖಾಲಿ ಇಡಿಸ್ದೆ. ಇನ್ನು ಆಗಲ್ವಂತೆ. ನೀನೇ ಕೂತ್ಕೋ," ಎಂದಳು. ಅವಳ ಕಣ್ಣು ತುಂಬಿತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಾಮ್ ಹೋ ಕಾರ್ಖಾನೆಯ ಗೇಟಿಗೆ ಬಂದಳು. ಕೂದಲು ಬಾಚಿ, ಒಗೆದ ಅಂಗಿ ತೊಟ್ಟಿದ್ದಳು. ಕೆಲಸ ಕೇಳಲೆಂದೇ ಬಂದಿದ್ದಳು, ನೋಡಿದರೇ ತಿಳಿಯುತ್ತಿತ್ತು. ನನ್ನ ಮೈಮೇಲೆ ನೀಲಿ ಅಂಗಿ ಕಂಡದ್ದೇ ಅಲ್ಲೇ ನಿಂತಳು.

"ಬೇಡ ಅಂದಿದ್ದು ನಾನು, ಅವಳಿಗೆ," ಎಂದಳು. "ನನ್ ಜಾಗ ನಿಂಗೆ ಕೊಡು ಅಂತ ಯಾರೇ ಹೇಳಿದ್ರು?"