ಚೊಚ್ಚಲು ಹುಟ್ಟುವ ಮನೆ

ಅತ್ತೆಯ ಬಲಗೈ ಹೆಬ್ಬೆರಳಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ಗಾಯದ ಗುರುತಲ್ಲ, ಬಾವಿಯ ಕಲ್ಲನ್ನು ಹಗ್ಗ ಕೊರೆಯುವಂತೆ ನೂಲು ಹರಿದು ಹರಿದು ಕೊರೆದದ್ದು. ಒಂದು ಎಳೆ ಮಲಗುವಷ್ಟು ಆಳವಿತ್ತು. ಬಲಗೈ ಎಂದು ಬರೆದೆ, ಬರೆದ ಕೂಡಲೇ ಅನುಮಾನ ಬಂತು. ರಾಟೆ ತಿರುಗಿಸುವುದು ಬಲಗೈ, ನೂಲು ಹಿಡಿಯುವುದು ಎಡಗೈ. ನಮ್ಮ ಬೀದಿಯ ಹೆಂಗಸರೆಲ್ಲ ಹಾಗೆಯೇ ಸುತ್ತುತ್ತಿದ್ದರು. ಆ ಲೆಕ್ಕಕ್ಕೆ ಗೆರೆ ಎಡಗೈಯಲ್ಲಿರಬೇಕು. ನನ್ನ ತಂಗಿಯೂ ಎಡಗೈ ಎಂದೇ ವಾದಿಸುತ್ತಾಳೆ. ನನ್ನ ಕಣ್ಣ ಮುಂದೆ ಬರುವುದು ಮಾತ್ರ ಬಲಗೈ. ಇಷ್ಟು ಸಣ್ಣ ಸಂಗತಿಯಲ್ಲೇ ನೆನಪು ತಡವರಿಸುವುದಾದರೆ, ಮುಂದೆ ಹೇಳಲಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಆಣೆಯಿಟ್ಟು ಹೇಳಲಾರೆ.

ಅತ್ತೆ ಎಂದರೆ ರಕ್ತಸಂಬಂಧವೇನಲ್ಲ. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡನನ್ನು ಮಾವ ಎನ್ನುತ್ತಿದ್ದೆವು. ಅವನ ಮಗ್ಗದ ಸದ್ದು ನಮ್ಮ ಗೋಡೆಯೊಳಗಿಂದಲೇ ಬರುವಂತೆ ಕೇಳುತ್ತಿತ್ತು. ಬೆಳಗಿನ ಬಿಸಿಲು ಏರುವ ಮೊದಲು ಹಾಸನ್ನು, ಎಂದರೆ ಮಗ್ಗಕ್ಕೇರಿಸುವ ಉದ್ದನೆಯ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಾಕುವುದು ಅಲ್ಲಿಯ ಪದ್ಧತಿ. ಆ ಹೊತ್ತಿನಲ್ಲಿ ಬೀದಿಯಲ್ಲಿ ಗಾಡಿ ಬರುವಂತಿಲ್ಲ, ದನ ಬರುವಂತಿಲ್ಲ. ಹರಿದ ಎಳೆಗಳನ್ನು ಹುಡುಕಿ ಹುರಿಮಾಡುತ್ತಾ ಅತ್ತೆ ಹಾಸಿನ ಉದ್ದಕ್ಕೂ ನಡೆಯುತ್ತಿದ್ದಳು. ನೂಲಿನ ಜೊತೆ ಮಾತಾಡುತ್ತಿದ್ದಳು. 'ನೀನ್ಯಾಕೆ ಮುನಿಸ್ಕೊಂಡೆ' ಎಂದು ಹರಿದ ಎಳೆಯನ್ನು ಕೇಳುವುದನ್ನು ನಾನೇ ಕೇಳಿದ್ದೇನೆ.

ನಾನು ಬೆಂಗಳೂರಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ, ಬಿ.ಎ. ಎನ್ನಿಸಿಕೊಂಡು, ಕೆಲಸವಿಲ್ಲದೆ ಊರಿಗೆ ಮರಳಿದ್ದೆ. ಮೆಟ್ಟೂರಿನ ಅಣೆಕಟ್ಟಿನಲ್ಲಿ ನೀರು ನಿಂತ ಮಾರನೆಯ ವರ್ಷ ಇರಬೇಕು. ಜಗಲಿಯ ಮೇಲೆ ಮಲಗಿ ಪುಸ್ತಕ ಓದುವುದು, ಎದ್ದು ರೈಲು ನಿಲ್ದಾಣದವರೆಗೆ ನಡೆಯುವುದು, ವಾಪಸು ಬರುವುದು, ಇಷ್ಟೇ ಕೆಲಸ. ದೇವರಿಂದ ಹಿಡಿದು ತಾಲ್ಲೂಕು ಬೋರ್ಡಿನವರೆಗೆ ಯಾವುದರಲ್ಲೂ ನನಗೆ ನಂಬಿಕೆಯಿರಲಿಲ್ಲ. ಅತ್ತೆ ದಾರಿಯಲ್ಲಿ ಹೋಗುತ್ತಾ ಸಿಕ್ಕುಬಿದ್ದ ನೂಲಿನ ಲಡಿಯೊಂದನ್ನು ನನ್ನ ಎದೆಯ ಮೇಲೆ ಎಸೆಯುತ್ತಿದ್ದಳು. 'ಬಿ.ಎ. ಓದಿದೋನಲ್ವಾ ಮಗಾ, ಇದನ್ನ ಬಿಡ್ಸು ನೋಡಾನ.' ನಾನು ಎಳೆದು ಹರಿಯುತ್ತಿದ್ದೆ. ಅವಳು ನಕ್ಕು ಲಡಿಯನ್ನು ಕಿತ್ತುಕೊಂಡು ಮಗುಚಿ ಹಿಡಿಯುತ್ತಿದ್ದಳು. 'ತುದಿ ಸಿಗ್ಲಿಲ್ಲ ಅಂತ ನೂಲನ್ನ ಬೈಬ್ಯಾಡ. ಲಡಿ ತಿರುಗ್ಸಿ ನೋಡು, ಆ ಕಡೆ ಇರ್ತದೆ.' ಇರುತ್ತಿತ್ತು ಕೂಡ.

ಆ ವರ್ಷ ಮಾವನ ಮಂಡಿಗಳು ಕೈಕೊಟ್ಟವು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿಯುವ ಕೆಲಸ ಅವನದು. ಮಂಡಿ ಎರಡೂ ಊದಿಕೊಂಡು, ಸಂಜೆ ಅವನನ್ನು ಗುಂಡಿಯಿಂದ ಎತ್ತಲು ಇಬ್ಬರು ಬೇಕಾಗುತ್ತಿತ್ತು. ವೈದ್ಯರು ಇನ್ನೊಂದು ವರ್ಷ ಹೀಗೇ ತುಳಿದರೆ ನಡೆಯಲಾರೆ ಎಂದಿದ್ದರು. ಮಕ್ಕಳಿಲ್ಲದ ಮನೆ, ಅವನು ತುಳಿಯದಿದ್ದರೆ ಒಲೆ ಉರಿಯುವಂತಿರಲಿಲ್ಲ. ಅಷ್ಟರಲ್ಲಿ ಮೈಸೂರು ಸೀಮೆಯ ಒಂದು ಊರಿನಲ್ಲಿ ನೇಯ್ಗೆ ಶಾಲೆ ತೆರೆಯುತ್ತಾರೆ, ಪಟ್ಟಿಯಂಚಿನ ಕೆಲಸ ಬಲ್ಲ ಮೇಷ್ಟ್ರೊಬ್ಬರು ಬೇಕು ಎಂಬ ಸುದ್ದಿ ಬಂತು. ಮೇಷ್ಟ್ರಿಗೆ ಬೇಕಾದದ್ದು ಕೈ ಮತ್ತು ಬಾಯಿ, ಕಾಲಲ್ಲ. ಆದರೆ ಕೆಲಸ ಆ ಸೀಮೆಯವರಿಗೇ ಕೊಡುವುದು. ಹೊರಗಿನವನಾದರೆ ಅವನ ಹೆಂಡತಿಯಾದರೂ ಅಲ್ಲಿ ಹುಟ್ಟಿದವಳಾಗಿರಬೇಕು. ಅವಳ ಹುಟ್ಟಿನ ದಾಖಲೆಯ ನಕಲನ್ನು ಲಗತ್ತಿಸಿ, ಅಲ್ಲೇ ಖಾಯಂ ವಾಸ ಮಾಡುತ್ತೇವೆಂದು ಅರ್ಜಿ ಹಾಕಿ, ಆ ಸೀಮೆಯವರೆಂಬ ಕಾಗದ ಪಡೆಯಬೇಕು. ಇದು ಕಾನೂನಾಗಿತ್ತೋ, ಆ ಕಚೇರಿಯ ರೂಢಿಯಾಗಿತ್ತೋ ನನಗೆ ಇಂದಿಗೂ ತಿಳಿಯದು. ಯುಗಾದಿಯೊಳಗೆ ಕಾಗದ ಕೈಯಲ್ಲಿರಬೇಕು ಎಂಬುದು ಮಾತ್ರ ನೆನಪಿದೆ.

ಅತ್ತೆಯ ತವರು ಆನೇಕಲ್ಲಿನ ಕಡೆಯ ಒಂದು ಹಳ್ಳಿ, ಮೈಸೂರು ಸೀಮೆ. ಬೀದಿಗೆಲ್ಲ ಅವಳು 'ಮೈಸೂರು ಸೀಮೆಯವಳು'. ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ ಆಡುವವರೇ, ಕನ್ನಡ ಬರೆಯಬಲ್ಲವನು ನಾನೊಬ್ಬ. ಹೀಗಾಗಿ ಅರ್ಜಿ ಬರೆಯುವ ಕೆಲಸ ನನಗೆ ಬಂತು. ಜಗಲಿಯ ಮೇಲೆ ಕೂತು ಕೇಳಿದೆ, 'ಅತ್ತೆ, ನಿನ್ನೂರು ಯಾವುದು?' ಅವಳು ಅಪ್ಪನ ಊರು ಹೇಳಿದಳು. ಹುಟ್ಟಿದ ಸ್ಥಳ ಎಂಬಲ್ಲಿ ಅದನ್ನೇ ಬರೆದೆ.

ಮಾವ ಒಳಗಿನಿಂದ ಅಂದ, 'ಹೆಂಡ್ತಿ ಕಡೆಯಿಂದ ಊರು ಸಂಪಾದಿಸೋದಾ? ಇದನ್ನ ಮನೆ ಅಳಿಯ ಅಂತಾರೆ ಲೇ.'

ಅತ್ತೆ ನನ್ನ ಕಡೆ ತಿರುಗಿ, 'ಊದಿರೋ ಮಂಡಿ ಎತ್ಕೊಂಡು ಬರೋ ಅಳಿಯನ್ನ ಯಾರು ಇಟ್ಕೊಂತಾರೆ ಕೇಳು ನಿಮ್ ಮಾವನ್ನ' ಅಂದಳು. ಆಮೇಲೆ ಬೆರಳಿಗೆ ಮಸಿ ಹಚ್ಚಿ ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಮೂಡಿದ ಗುರುತನ್ನು ಕುತೂಹಲದಿಂದ ನೋಡಿದಳು. 'ಇದನ್ನ ನೋಡಿದ್ರೆ ಇವಳು ಇಂಥೋಳು ಅಂತ ಗೊತ್ತಾಗ್ತದಾ?' ಗೊತ್ತಾಗುತ್ತದೆ ಎಂದು ನಾನು ಬಲ್ಲವನಂತೆ ಹೇಳಿದೆ.

ಹುಟ್ಟಿನ ನಕಲಿಗೆ ಅವಳ ಹಳ್ಳಿಗೆ ಹೋಗಬೇಕಿತ್ತು. ಮಾವ ನಡೆಯುವಂತಿರಲಿಲ್ಲ, ನಾನು ಜೊತೆಗೆ ಹೊರಟೆ. ಮೊರಪ್ಪೂರಿನಲ್ಲಿ ಇಳಿದು ಹೊಸೂರಿಗೆ ಹೋಗುವ ಸಣ್ಣ ರೈಲು ಹತ್ತಿದೆವು. ಆ ರೈಲು ಈಗಿಲ್ಲ, ಕಂಬಿಯನ್ನೂ ಕಿತ್ತಿದ್ದಾರೆ. ನಾನು ಅದರಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಒಂದು ಪ್ರಯಾಣದ ಚಿತ್ರ ಇನ್ನೊಂದಕ್ಕೆ ಅಂಟಿಕೊಂಡಿರಬಹುದು. ಆದರೆ ಮಾರಂಡಹಳ್ಳಿಯಲ್ಲಿ ರೈಲು ನಿಂತಾಗ ಅತ್ತೆ ಕೆಳಗಿಳಿದು ಎರಡು ಕೈಯಲ್ಲಿ ನೀರು ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡದ್ದು ಆ ಪ್ರಯಾಣದ್ದೇ. ಹತ್ತಿ ಕೂತ ಮೇಲೆ, 'ನಮ್ಮವ್ವನ ತವರು ಇದೇ ಊರು ಮಗಾ' ಅಂದಳು. ನಾನು ಪುಸ್ತಕದಿಂದ ತಲೆಯೆತ್ತದೆ ಹೂಂಗುಟ್ಟಿದೆ. ಅದೇ ಪುಟವನ್ನು ಎಷ್ಟು ಹೊತ್ತು ನೋಡುತ್ತಿದ್ದೆನೋ.

ಹಳ್ಳಿಯ ಶಾನುಭೋಗರು ವಯಸ್ಸಾದವರು, ನಿಧಾನಸ್ಥರು. ಅತ್ತೆ ಹುಟ್ಟಿದ ವರ್ಷವನ್ನು ಅಂದಾಜಿನಲ್ಲಿ ಹೇಳಿದೆವು. ಅವರು ಪೆಟ್ಟಿಗೆಯಿಂದ ಹುಟ್ಟು-ಸಾವಿನ ಪುಸ್ತಕ ತೆಗೆದು, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಹಿಂದಿನ ಎರಡು ವರ್ಷ, ಮುಂದಿನ ಎರಡು ವರ್ಷ ನೋಡಿದರು. ಅವಳ ತಮ್ಮಂದಿರಿಬ್ಬರೂ ಸಿಕ್ಕಿದರು, ತಂಗಿಯೂ ಸಿಕ್ಕಿದಳು. ಅವಳಿಲ್ಲ.

'ಸರಿಯಾಗಿ ನೆನಪು ಮಾಡ್ಕೋಮ್ಮ' ಎಂದರು ಅವರು. 'ನಿನ್ನ ಹೆಸರು ಬಿಟ್ಟುಹೋಗಲು ಕಾರಣವಿಲ್ಲ.'

ಅತ್ತೆ ಕಂಬಕ್ಕೆ ಒರಗಿ ನಿಂತಿದ್ದಳು. ಮೆಲ್ಲಗೆ ಅಂದಳು, 'ನಾನು ಚೊಚ್ಚಲು ಕಣ್ ಸ್ವಾಮಿ.'

ಶಾನುಭೋಗರು ಪುಸ್ತಕ ಮುಚ್ಚಿದರು. ಅವರಿಗೆ ತಟ್ಟನೆ ಅರ್ಥವಾಯಿತು, ಬಿ.ಎ. ಓದಿದವನಿಗೆ ಒಂದು ಗಳಿಗೆ ಹಿಡಿಯಿತು. ಚೊಚ್ಚಲ ಹೆರಿಗೆ ತಾಯಿಯ ತವರಿನಲ್ಲಿ. ನಮ್ಮ ಕಡೆ ಇದನ್ನು ಮೀರಿದವರಿಲ್ಲ. ಅತ್ತೆ ಹುಟ್ಟಿದ್ದು ಮಾರಂಡಹಳ್ಳಿಯಲ್ಲಿ, ನಮ್ಮ ಸೇಲಂ ಜಿಲ್ಲೆಯಲ್ಲೇ, ಬೆಳಗ್ಗೆ ನೀರು ಕುಡಿದ ಊರಿನಲ್ಲೇ. ಮೈಸೂರು ಸೀಮೆಯ ಹೆಂಡತಿ ಎಂದು ನಾನು ಬರೆದ ಅರ್ಜಿ ಸುಳ್ಳಾಗಿತ್ತು.

'ಯಾಕೆ ಹೇಳಲಿಲ್ಲ?' ಎಂದು ಸಿಡುಕಿದೆ.

'ನೀನು ಯಾವೂರು ಅಂದೆ. ಊರು ಅಂದ್ರೆ ಅಪ್ಪಂದು. ಯಾರ ಮನೇಲಿ ಹುಟ್ದೆ ಅಂತ ಕೇಳ್ಳೇ ಇಲ್ವಲ್ಲ ಮಗಾ.'

ಇನ್ನು ಬರೆಯುವುದು ಕಷ್ಟ. ಇವಳೂ ಇದೇ ಊರಿನಲ್ಲಿ ಹುಟ್ಟಿದಳೆಂದು ಬರೆದುಕೊಟ್ಟರೆ ಕೇಳುವವರಾರು ಎಂಬ ಮಾತು ಅಲ್ಲಿ ಬಂತು. ಬಹಳ ವರ್ಷ ಅದನ್ನು ಶಾನುಭೋಗರ ಬಾಯಲ್ಲೇ ಇಟ್ಟು ಹೇಳಿಕೊಂಡು ಬಂದಿದ್ದೇನೆ. ಈಗ ಯೋಚಿಸಿದರೆ ಆ ಮಾತನ್ನಾಡುವ ಅವಸರ ಅವರಿಗಿರಲಿಲ್ಲ, ನನಗಿತ್ತು. ಮಾವನ ಮಂಡಿ ನನ್ನ ಕಣ್ಣ ಮುಂದಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಹೇಳಿದವನು ನಾನೇ ಎಂದು ಒಪ್ಪಿಕೊಳ್ಳುತ್ತೇನೆ.

ಅತ್ತೆ ತಲೆಯಾಡಿಸಿದಳು. ನ್ಯಾಯ, ಧರ್ಮ ಯಾವುದನ್ನೂ ಎತ್ತಲಿಲ್ಲ. 'ನಮ್ಮಜ್ಜಿ ಮೂರು ತಿಂಗಳು ನನ್ನನ್ನ ಕಾಲ ಮೇಲೆ ಮಲಗಿಸ್ಕೊಂಡು ನೀರು ಉಯ್ದವಳೆ. ಅವಳ ಮನೇನ ಅಳಿಸ್ಬ್ಯಾಡ. ನಿಮ್ ಮಾವನ ಕಾಲಿಗೆ ಬೇರೆ ದಾರಿ ನೋಡಾನ.'

ನಾನು ಎದ್ದು ಹೊರಗೆ ಹೊಂಗೆಮರದ ಕೆಳಗೆ ಹೋಗಿ ನಿಂತೆ. ಸೇಲಂಗೆ ಹೋಗಿ ಮಾವನಿಗೆ ಏನು ಹೇಳುವುದೆಂದು ಲೆಕ್ಕ ಹಾಕುತ್ತಿದ್ದೆ. ಅತ್ತೆ ಬರಲಿಲ್ಲ. ತಿರುಗಿ ನೋಡಿದರೆ ಅವಳು ಜಗಲಿಯ ಮೇಲೆ ಕೂತು, ಎದುರಿನ ಸಾಲಿನಲ್ಲಿದ್ದ ತನ್ನ ಅಪ್ಪನ ಮನೆಯನ್ನೇ ನೋಡುತ್ತಿದ್ದಳು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದಳು, ನೂಲಿಲ್ಲದಾಗ ಹಾಗೆ ಮಾಡುವುದು ಅವಳ ಅಭ್ಯಾಸ. ಹೆಬ್ಬಾಗಿಲ ಪಕ್ಕದ ಬೀಸುಕಲ್ಲಿನ ಕೋಣೆಯೇ ಆ ಮನೆಯಲ್ಲಿ ಬಾಣಂತಿಯರ ಕೋಣೆ ಎಂದು ಬರುವಾಗ ತೋರಿಸಿದ್ದಳು. ಇದ್ದಕ್ಕಿದ್ದಂತೆ ನಗಲು ಶುರುಮಾಡಿದಳು.

'ಲೇ, ಬಾ ಇಲ್ಲಿ' ಎಂದು ಕರೆದಳು. 'ಲಡಿ ತಿರುಗ್ಸಿ ನೋಡಾನ. ನಿಮ್ ಮಾವನೂ ಚೊಚ್ಚಲೇ.'

ಇಲ್ಲಿ ಅವರ ಸಂಬಂಧ ಹೇಳಬೇಕು. ಮಾವನಿಗೆ ಅವಳು ಸೋದರಮಾವನ ಮಗಳು. ಎಂದರೆ ಮಾವನ ತಾಯಿ, ಅತ್ತೆಯ ಅಪ್ಪನ ಅಕ್ಕ. ಅದೇ ಎದುರು ಸಾಲಿನ ಮನೆಯಿಂದ ಸೇಲಂಗೆ ಮದುವೆಯಾಗಿ ಹೋದವಳು. ಅವಳೂ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರಲೇಬೇಕು. ಮಾವ ಹುಟ್ಟಿದ್ದು ಆ ಬೀಸುಕಲ್ಲಿನ ಕೋಣೆಯಲ್ಲಿ.

ಶಾನುಭೋಗರು ಪೆಟ್ಟಿಗೆಯ ತಳದಿಂದ ಹಳೆಯ ಪುಸ್ತಕ ತೆಗೆದರು. ಹುಳು ತಿಂದ ಅಂಚು. ನಾಲ್ಕನೆಯ ಪುಟವೋ ಐದನೆಯದೋ, ಅವರ ಬೆರಳು ನಿಂತಿತು. ಆ ಮನೆಯ ಯಜಮಾನನ ಹೆಸರು, ಅವನ ಮಗಳು, ಸೇಲಂನ ನೇಕಾರನ ಹೆಂಡತಿ, ಗಂಡು ಮಗು. ಅತ್ತೆಗೆ ಓದಲು ಬಾರದು. ಆದರೂ ಬಗ್ಗಿ, ಆ ಸಾಲಿನ ಮೇಲೆ ಬೆರಳನ್ನು ತಾಕಿಸದೆ ಮೇಲಿಂದಲೇ ಎಳೆದಳು, ಹಾಸಿನ ಮೇಲೆ ಹರಿದ ಎಳೆ ಹುಡುಕುವಂತೆ. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆನೇ? ನೋಡಿದೆನೆಂದು ನೆನಪು ಹೇಳುತ್ತದೆ. ಬಿಸಿಲು ಎದುರಿಗಿತ್ತು, ಬಿಡಿ.

ಮಾವನಿಗೆ ಸುದ್ದಿ ಹೇಳಿದಾಗ ಅವನು ಮಗ್ಗ ನಿಲ್ಲಿಸಲಿಲ್ಲ. 'ಗೊತ್ತಿತ್ತಲ್ಲ' ಅಂದ. 'ಅವ್ವ ಹೇಳ್ತಿದ್ಲು. ನೀವ್ಯಾರೂ ನನ್ನ ಕೇಳ್ಳಿಲ್ಲ. ಅವಳ ಕಡೆಯಿಂದ ಅಂತ ಕೂತಿದ್ರಿ.'

ಹೊಸ ಅರ್ಜಿಯನ್ನು ಮಾವನ ಹುಟ್ಟಿನ ಮೇಲೆಯೇ ಬರೆದೆ. ಈ ಸಲ ಒಂದೊಂದು ಪದವನ್ನೂ ಎರಡು ಸಲ ಕೇಳಿ ಬರೆದೆ. ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗ ಕಾಗದ ಬಂತು. ಅವರು ಹೊರಟ ದಿನ ಬೀದಿಯಲ್ಲಿ ಯಾರೂ ಹಾಸು ಕಟ್ಟಲಿಲ್ಲ, ಗಾಡಿ ಬಾಗಿಲವರೆಗೆ ಬರಲೆಂದು. ಅತ್ತೆ ಗಾಡಿ ಹತ್ತಿ ನನಗೆ ಹೇಳಿದಳು, 'ಇವರನ್ನ ನಮ್ಮೂರಿಗೆ ಕರ್ಕೊಂಡೋಗ್ತೀನಿ ಅಂತ ಓಡಾಡ್ದೆ ನೋಡು. ಈಗ ಇವರೇ ನನ್ನನ್ನ ತವರಿಗೆ ಕರ್ಕೊಂಡೋಗ್ತವ್ರೆ.' ಮಾವ ಆಗಲೇ ಅಳಿಯನ ಗತ್ತಿನಲ್ಲಿ ಕೂತಿದ್ದ.

ಮಾವ ಆ ಶಾಲೆಯಲ್ಲಿ ಎತ್ತರದ ಮಣೆಯ ಮೇಲೆ ಕೂತು ಬಹಳ ಕಾಲ ಪಾಠ ಹೇಳಿದ. ಕೊನೆಯವರೆಗೂ ತನ್ನ ಕಾಲ ಮೇಲೆಯೇ ನಡೆದ. ಅತ್ತೆ ಅವನಿಗಿಂತ ಮೊದಲು ಹೋದಳು. ನಾನಾಗ ಮದರಾಸಿನಲ್ಲಿ ಕೆಲಸದಲ್ಲಿದ್ದೆ, ಕಾಗದ ತಡವಾಗಿ ತಲುಪಿತು. ಹಿಂದಿನ ದಿನದವರೆಗೂ ನೂಲು ಸುತ್ತುತ್ತಿದ್ದಳೆಂದು ಮಾವ ಯಾರಿಂದಲೋ ಬರೆಸಿದ್ದ.

ಕಾಲೇಜಿನಲ್ಲಿ ನನಗೆ ಅನುಮಾನಪಡುವುದನ್ನು ಕಲಿಸಿದರು. ಅನುಮಾನ ಬಂದಾಗ ಎದುರಿಗಿರುವವರನ್ನು ಇನ್ನೊಂದು ಸಲ, ಬೇರೆ ಕಡೆಯಿಂದ ಕೇಳಬೇಕು ಎಂಬುದು ನನಗೆ ಅತ್ತೆಯಿಂದ ಬಂದದ್ದು. ನನ್ನ ಉದ್ಯೋಗದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸವೇನಾದರೂ ಇದ್ದರೆ ಅದು ಅವಳ ಋಣ.

ಇಷ್ಟು ಬರೆದ ಮೇಲೆ ಅಟ್ಟದ ಪೆಟ್ಟಿಗೆ ಇಳಿಸಿದೆ. ಕಾಲೇಜಿನ ತರ್ಕಶಾಸ್ತ್ರದ ಪುಸ್ತಕದೊಳಗೆ, ನಾನು ಎಂದೂ ಕಳಿಸದ ಆ ಮೊದಲ ಅರ್ಜಿ ಮಡಿಸಿದಂತೆಯೇ ಇತ್ತು. ಹುಟ್ಟಿದ ಸ್ಥಳದ ಎದುರು ನನ್ನ ತಪ್ಪು, ನನ್ನದೇ ದುಂಡಗಿನ ಅಕ್ಷರದಲ್ಲಿ. ಕೆಳಗೆ ಕಂದಿದ ಮಸಿಯಲ್ಲಿ ಹೆಬ್ಬೆಟ್ಟು; ಅದರ ನಡುವೆ ಅಡ್ಡಕ್ಕೆ, ಮಸಿ ಹಿಡಿಯದ ಒಂದು ಬಿಳಿಯ ಗೆರೆ. ಪಕ್ಕದಲ್ಲಿ ಅಂದು ನಾನೇ ಬರೆದಿದ್ದೆ: ಬಲಗೈ.