ತನ್ನ ಮನೆಯ ಬೆಲ್ ತಾನೇ ಒತ್ತಿದ ಆರ್ವಿಲ್

ಜನವರಿಯ ಎರಡನೆಯ ವಾರ. ನಾನು ಅಡುಗೆಮನೆಯ ಕಿಟಕಿಯ ಬಳಿ ಪಾತ್ರೆ ತೊಳೆಯುತ್ತ ನಿಂತಿದ್ದೆ. ಎದುರುಮನೆಯ ಆರ್ವಿಲ್ ಟ್ವೇಟ್ ಟೋಪಿ, ಕೋಟು, ಬೂಟು ಎಲ್ಲ ಏರಿಸಿಕೊಂಡು ಹೊರಗೆ ಬಂದ. ಬಾಗಿಲು ಎಳೆದುಕೊಂಡ. ತಿರುಗಿ ನಿಂತು ತನ್ನ ಮನೆಯ ಬೆಲ್ ತಾನೇ ಒತ್ತಿದ. ಒಳಗೆ ನಾಯಿ ಕಿರುಚಾಡಿತು. ಆತ ಬಾಗಿಲು ತೆರೆದು ಒಳಗೆ ಹೋದ. ಎರಡು ನಿಮಿಷ ಬಿಟ್ಟು ಮತ್ತೆ ಹೊರಗೆ ಬಂದ, ಮತ್ತೆ ಒತ್ತಿದ. ಹೀಗೆ ಏಳು ಸಲ. ಎಣಿಸದೆ ಇನ್ನೇನು ಮಾಡಲಿ? ಮಿನೆಸೋಟಾದ ಚಳಿಗಾಲದಲ್ಲಿ ನಮ್ಮ ಬೀದಿಯಲ್ಲಿ ಓಡಾಡುವುದು ಗಾಳಿ ಮಾತ್ರ.

ನಾನು ಆರ್ಡಿಸ್. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನನಗೆ ತಾಳ್ಮೆ ಕಮ್ಮಿ ಎಂದು ಊರಿಗೆಲ್ಲ ಗೊತ್ತು, ಆದರೆ ಒಬ್ಬರೂ ನನ್ನೆದುರು ಹಾಗೆ ಅಂದಿಲ್ಲ. ನಮ್ಮೂರಿನಲ್ಲಿ ಯಾರೂ ಯಾರ ಮುಖಕ್ಕೂ ಏನನ್ನೂ ಹೇಳುವುದಿಲ್ಲ. ಮನೆ ಹತ್ತಿ ಉರಿಯುತ್ತಿದ್ದರೂ "ಇವತ್ತು ಸ್ವಲ್ಪ ಬೆಚ್ಚಗಿದೆ ಅಲ್ವಾ" ಎನ್ನುವ ಜನ ನಾವು. ನಾನು ಬಾಯಿಬಡುಕಿ ಎಂದು ಹೆಸರು ಪಡೆದವಳು, ಆದರೂ ಹೇಳಲೇಬೇಕಾದ ಮಾತು ಬಂದಾಗ ನಾಲಿಗೆ ಒಳಕ್ಕೆ ಹೋಗುತ್ತದೆ.

ಆರ್ವಿಲ್ ಮೂವತ್ತೊಂದು ವರ್ಷ ಜಿಲ್ಲೆಯ ರಸ್ತೆಗಳ ಹಿಮ ಬಳಿದು ತೆಗೆಯುವ ಲಾರಿ ಓಡಿಸಿದವನು. ಲಾರಿಯೊಳಗೆ ಒಬ್ಬನೇ, ಮುಂದೆ ಬಿಳಿ, ಹಿಂದೆ ಬಿಳಿ. ಮಾತು ಬೇಕಿಲ್ಲದ ಕೆಲಸ, ನಡುರಾತ್ರಿ ಹೊರಟರೆ ಮಧ್ಯಾಹ್ನಕ್ಕೆ ಮನೆ. ಮನೆಯಲ್ಲಿ ಮಾತೆಲ್ಲ ಹೆಂಡತಿ ಲವಾನಳದು. ಪ್ರತಿ ಗುರುವಾರ ಎರಡು ಗಂಟೆಗೆ ಆಕೆಯ ಮನೆಯಲ್ಲಿ ಕಾಫಿ. ಚರ್ಚಿನ ಹೆಂಗಸರು ನಾವೆಲ್ಲ ಸೇರುತ್ತಿದ್ದೆವು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಹದಿನಾಲ್ಕು ತಿಂಗಳ ಹಿಂದೆ ಲವಾನ್ ತೀರಿಕೊಂಡಳು. ಆರ್ವಿಲ್‌ಗೆ ಉಳಿದದ್ದು ಅವಳ ನಾಯಿ, ಬಟನ್. ಕಂದು ಬಣ್ಣ, ಒಂದು ಬ್ರೆಡ್ಡಿನಷ್ಟು ಗಾತ್ರ, ಗಂಟಲು ಮಾತ್ರ ರೈಲಿನದು. ನಾವು ಬಂದಾಗಲೆಲ್ಲ ಲವಾನ್ ಅದನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದಳು, ಹಾಗಾಗಿ ಅದು ಏನನ್ನೂ ಕಲಿಯಲಿಲ್ಲ. ಅವಳು ಹೋದ ಮೇಲೆ ಮಡಿಲೂ ಇಲ್ಲ, ಕಲಿಕೆಯೂ ಇಲ್ಲ.

ಮಣ್ಣಾದ ಮೇಲೆ ಮೂರು ಗುರುವಾರ ನಾವು ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಬಿಸಿ ಬಿಸಿ ಹಾಟ್‌ಡಿಶ್ ಹೊತ್ತುಕೊಂಡು ಹೋದೆವು. ಬಟನ್ ನಮ್ಮ ಮೇಲೆಲ್ಲ ಹಾರಿತು, ನಮ್ಮ ಗುಂಪಿನ ಬರ್ನಡೀನಳ ಕಾಲುಚೀಲ ಹರಿಯಿತು, ನಾವಿದ್ದಷ್ಟು ಹೊತ್ತೂ ಬೊಗಳಿತು. "ಪರವಾಗಿಲ್ಲ ಬಿಡಿ, ಎಷ್ಟು ಮುದ್ದಾಗಿದೆ" ಎಂದು ಎಲ್ಲರೂ ಹಲ್ಲು ಕಿರಿದೆವು. ನಾಲ್ಕನೆಯ ಗುರುವಾರ ಯಾರೂ ಹೋಗಲಿಲ್ಲ. ಮತ್ತೆ ಹೋಗಲೇ ಇಲ್ಲ. ನಾನೂ ಹೋಗಲಿಲ್ಲ, ಎದುರುಮನೆಯವಳು!

ಏಳನೆಯ ಸಲ ಬೆಲ್ ಒತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕೋಟು ಸಿಕ್ಕಿಸಿಕೊಂಡು ರಸ್ತೆ ದಾಟಿದೆ.

"ಏನ್ರೀ ಆರ್ವಿಲ್, ಮನೇಲಿ ಯಾರೂ ಬಾಗಿಲು ತೆಗೀತಿಲ್ವಾ?"

"ಯಾರಿದಾರೆ ತೆಗೆಯೋಕೆ?"

"ಮತ್ತೆ ಯಾಕ್ರೀ ಒತ್ತೋದು? ಬೀದಿಯವರು ನೋಡಿದ್ರೆ ಏನಂದ್ಕೋತಾರೆ?"

"ಬೀದೀಲಿ ನೋಡೋರು ನೀವೊಬ್ರೇ."

ಅದೂ ನಿಜವೇ. ಆತ ಕೋಟಿನ ಜೇಬಿನಿಂದ ಗ್ರಂಥಾಲಯದ ಪುಸ್ತಕವೊಂದನ್ನು ತೆಗೆದು ತೋರಿಸಿದ. ನಾಯಿ ಪಳಗಿಸುವ ಪುಸ್ತಕ.

"ಮನೆಗೆ ಬರೋರನ್ನ ನೋಡಿ ನೋಡಿ ನಾಯಿಗೆ ಅಭ್ಯಾಸ ಆಗ್ಬೇಕಂತೆ. ಅದಕ್ಕೆ ನೆಂಟರು ಬೇಕಂತೆ."

"ಕರೀರಿ ಮತ್ತೆ."

"ಅವರು ಬರ್ಬೇಕು ಅಂದ್ರೆ ನಾಯಿ ಸುಮ್ನಿರ್ಬೇಕಲ್ಲ! ಅದಕ್ಕೇ ನಾನೇ ನೆಂಟ ಆದೆ. ಆದ್ರೆ ಇವನಿಗೆ ಗೊತ್ತಾಗ್ಬಿಟ್ಟಿದೆ, ಬರೋನು ನಾನೇ ಅಂತ." ಬಟನ್ ಆತನ ಬೂಟನ್ನು ಎರಡು ಕಾಲಲ್ಲಿ ಅಪ್ಪಿಕೊಂಡಿತ್ತು. "ಫೆಬ್ರವರಿ ಕೊನೇ ಗುರುವಾರ ಎಲ್ರನ್ನೂ ಕಾಫಿಗೆ ಕರೀತೀನಿ. ಆಗ್ಲೂ ಯಾರೂ ಬರ್ಲಿಲ್ಲ ಅಂದ್ರೆ ಇವನಿಂದಾಗಿಯೇ ಬರ್ತಿಲ್ಲ ಅಂತ ಲೆಕ್ಕ. ಬೆಮಿಜಿ ಹತ್ರ ನಮ್ಮ ಚಿಕ್ಕಪ್ಪನ ಮಗ ವರ್ಲಿನ್ ಇದಾನೆ, ಹೊಲದ ಮನೆ. ಅವನಿಗೆ ಕೊಟ್ಬಿಡ್ತೀನಿ."

ಹೇಳುವಾಗ ಆತನ ಕೈ ನಾಯಿಯ ಗದ್ದದ ಕೆಳಗಿತ್ತು. ಕೊಡುವ ಮನಸ್ಸು ಕೂದಲೆಳೆಯಷ್ಟೂ ಇಲ್ಲ ಎಂದು ಕುರುಡರಿಗೂ ಕಾಣುತ್ತಿತ್ತು. ಆದರೆ ಆರ್ವಿಲ್ ಒಮ್ಮೆ ಆಡಿದರೆ ಮುಗಿಯಿತು. ನಾನು ಆಗಲೇ ಬಾಯಿಬಿಡಬೇಕಿತ್ತು. "ನಾಯಿಯಿಂದಲ್ಲ ಮಾರಾಯ, ನಾವು ಬರುತ್ತಿದ್ದದ್ದು ಲವಾನಳಿಗಾಗಿ" ಎಂದುಬಿಡಬೇಕಿತ್ತು. ಅದು ಬಿಟ್ಟು ಏನಂದೆ? "ಸರಿ, ನಾನೇ ನೆಂಟಳಾಗ್ತೀನಿ."

ಮರುದಿನದಿಂದ ನನ್ನ ನೆಂಟಸ್ತನ ಶುರು. ದಿನಕ್ಕೆ ಹತ್ತು ಸಲ ಬೆಲ್ ಒತ್ತುವುದು, ಒಳಗೆ ಬರುವುದು, ಸೂರು ನೋಡುತ್ತ ನಿಲ್ಲುವುದು. ನಾಯಿಯನ್ನು ನೋಡಬಾರದು, ಮಾತಾಡಿಸಬಾರದು. ಬೆಲ್ ಆದ ತಕ್ಷಣ ಅದು ಬಾಗಿಲ ಪಕ್ಕದ ಚಾಪೆಗೆ ಹೋಗಿ ಕೂರಬೇಕು. ಕೂತರೆ ಬೇಯಿಸಿದ ಕೋಳಿಯ ಚೂರು. ಹಾರಿದರೆ ನಾನು ಮತ್ತೆ ಹೊರಗೆ, ಮೂಗು ಉದುರುವ ಚಳಿಯಲ್ಲಿ. ಪಳಗುತ್ತಿರುವುದು ನಾಯಿಯೋ ನಾನೋ ಎಂದು ಎಷ್ಟೋ ಸಲ ಬೈದುಕೊಂಡೆ. ಮೂರನೆಯ ದಿನ ಬಟನ್ ನನ್ನ ಮೊಣಕಾಲಿಗೆ ಹಾರಿ ಪರಚಿತು. ಅಭ್ಯಾಸಬಲ ನೋಡಿ, "ಅಯ್ಯೋ, ಪರವಾಗಿಲ್ಲ ಬಿಡಿ" ಎಂದೆ.

"ಪರವಾಗಿಲ್ಲ ಅನ್ಬೇಡಿ!" ಆರ್ವಿಲ್ ದನಿ ಏರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಕಾಲು ಪರಚ್ತಾ ಇದೆ, ಪರವಾಗಿಲ್ಲ ಅಂತೀರಿ. ನೀವೆಲ್ಲ ಹೀಗೇ ಅಂದಂದೇ ಇವನು ಕೆಟ್ಟಿದ್ದು. ನೋವಾದ್ರೆ ನೋವು ಅನ್ನಿ!"

"ನೋವು ಕಣ್ರೀ! ಚರ್ಮ ಕಿತ್ತು ಬಂತು! ಸಾಕಾ?" ಎಂದು ನಾನೂ ಕೂಗಿದೆ. ಇಬ್ಬರಿಗೂ ನಗು ಬಂತು. ಆತ ನಕ್ಕದ್ದನ್ನೂ ಅಂದೇ ಮೊದಲು ನೋಡಿದ್ದು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾಯಿಯ ನೆಪದಲ್ಲಿ ನನಗೂ ದಿನವೂ ಹೋಗಲೊಂದು ಮನೆ ಸಿಕ್ಕಿತ್ತು. ಗುರುವಾರಗಳು ನಿಂತ ಮೇಲೆ ನಾವು ಹೆಂಗಸರು ಒಬ್ಬೊಬ್ಬರೂ ನಮ್ಮ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ನನ್ನ ಗಂಡ ಬಿಟ್ಟುಹೋಗಿ ಇಪ್ಪತ್ತು ವರ್ಷ. ಇಡೀ ಮಧ್ಯಾಹ್ನ ನನ್ನ ದನಿ ನನಗೇ ಕೇಳದ ದಿನಗಳಿದ್ದವು.

ಫೆಬ್ರವರಿ ನಡುವಿನಲ್ಲಿ ಬಟನ್ ಕಲಿತುಬಿಟ್ಟಿತು. ಬೆಲ್ ಆದರೆ ಚಾಪೆ. ಮೈಯೆಲ್ಲ ನಡುಗುತ್ತಿತ್ತು, ಆದರೆ ಅಲುಗುತ್ತಿರಲಿಲ್ಲ. ಅದರ ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆರ್ವಿಲ್ ಟೋಪಿ ಕೈಯಲ್ಲಿ ಹಿಡಿದು ಬರ್ನಡೀನ್ ಮತ್ತು ಉಳಿದ ಮೂವರನ್ನೂ ಒಬ್ಬೊಬ್ಬರನ್ನೇ ಕರೆದ. "ಅಯ್ಯೋ, ಎಷ್ಟು ಸಂತೋಷ! ನೋಡೋಣ" ಎಂದರು ಎಲ್ಲರೂ. ಆತ ಹಿಗ್ಗಿ ಹೀರೇಕಾಯಿಯಾಗಿ ಬಂದ. ಪಾಪ, ನಮ್ಮೂರಲ್ಲಿ "ನೋಡೋಣ" ಎಂದರೆ ಏನೆಂದು ಆತನಿಗೆ ಗೊತ್ತಿರಲಿಲ್ಲ, ಅದೆಲ್ಲ ಲವಾನ್ ನೋಡಿಕೊಳ್ಳುತ್ತಿದ್ದಳಲ್ಲ. ನಾನು ಬರ್ನಡೀನಳಿಗೆ ಫೋನ್ ಮಾಡಿದೆ.

"ಬರ್ತೀಯೇನೇ?"

"ಹೋಗ್ಬೇಕು ಕಣೆ. ಆದ್ರೆ ಆ ಮನುಷ್ಯನ ಎದುರು ಕೂತು ಏನೇ ಮಾತಾಡೋದು? ಗೋಡೆ ನೋಡ್ತಾ ಕೂತ ಹಾಗಿರುತ್ತೆ."

"ನಾಯಿ ಈಗ ಸುಮ್ನಿರುತ್ತೆ."

"ನಾಯಿ ವಿಷಯ ಯಾರೇ ಎತ್ತಿದ್ದು? ಪಾಪ, ಅದೇನು ಮಾಡಿತ್ತು!"

ಇದನ್ನೂ ನಾನು ಆರ್ವಿಲ್‌ಗೆ ಹೇಳಲಿಲ್ಲ.

ಗುರುವಾರ ಎರಡು ಗಂಟೆಗೆ ಹೋದೆ. ಬೆಲ್ ಒತ್ತಿದೆ. ಬಟನ್ ಚಾಪೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಆರ್ವಿಲ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮೇಜಿನ ಮೇಲೆ ಲವಾನಳ ಹೂವಿನ ಕಪ್ಪುಗಳು, ಆತನೇ ಬೇಯಿಸಿದ ಸಿಹಿ ಬಾರ್‌ಗಳು, ಒಂದು ಅಂಚು ಸೀದಿತ್ತು. ಎರಡೂವರೆ ಆಯಿತು. ಮೂರಾಯಿತು. ಬಟನ್ ಚಾಪೆ ಬಿಟ್ಟು ಏಳಲಿಲ್ಲ.

"ರಸ್ತೇಲಿ ಹಿಮ ಗಟ್ಟಿಯಾಗಿರ್ಬೇಕು" ಎಂದ ಆರ್ವಿಲ್.

ರಸ್ತೆಯಲ್ಲಿ ಹಿಮದ ಚೂರೂ ಇರಲಿಲ್ಲ. ಮೂವತ್ತೊಂದು ವರ್ಷ ಅದನ್ನೇ ಬಳಿದವನಿಗೆ ಗೊತ್ತಿರಲಿಲ್ಲವೇ? ನಾನು "ಇರಬೇಕು" ಎಂದೆ.

ನಾಲ್ಕು ಗಂಟೆಗೆ ಆತ ಎದ್ದು ಕಾಫಿ ಚೆಲ್ಲಿದ. ಗೋಡೆಯ ಫೋನಿನ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡ.

"ವರ್ಲಿನ್ ಶನಿವಾರ ಬಂದು ಕರ್ಕೊಂಡು ಹೋಗ್ಲಿ. ಇವನು ಪಾಪ ಕಲಿತ. ಆದ್ರೆ ಜನಕ್ಕೆ ಹಳೇದೇ ನೆನಪು."

ಆತ ಅಂಕಿ ಒತ್ತತೊಡಗಿದ.

"ಫೋನ್ ಇಡಿ, ಆರ್ವಿಲ್."

"ಮಾತು ಅಂದ್ರೆ ಮಾತು. ಇವನಿಂದಾಗಿ..."

"ಇವನಿಂದ ಅಲ್ಲ ಕಣ್ರೀ! ನಿಮ್ಮಿಂದ!"

ಆತ ತಿರುಗಿ ನೋಡಿದ. ಬಾಯಿಬಿಟ್ಟ ಮೇಲೆ ನನಗೆ ನಿಲ್ಲಿಸಲಾಗಲಿಲ್ಲ.

"ಹದಿನೆಂಟು ವರ್ಷ ಬಂದ್ವಿ ನಾವು. ಒಂದಿನ ಕೂತ್ರಾ ನಮ್ಮ ಜೊತೆ? ನಾವು ಕೋಟು ಬಿಚ್ಚೋಷ್ಟರಲ್ಲಿ ಎದ್ದು ಗ್ಯಾರೇಜಿಗೆ ಹೋಗ್ತಿದ್ರಿ. ಹೆಪ್ಪುಗಟ್ಟೋ ಚಳೀಲೂ ಹೋಗ್ತಿದ್ರಿ. ನಾವು ಬರೋದು ನಿಮಗೆ ಬೇಡ ಅಂತ ಎಲ್ರಿಗೂ ಗೊತ್ತಿತ್ತು. ಲವಾನ್ ಇದ್ಲು, ಬರ್ತಿದ್ವಿ. ಈಗ ಯಾಕೆ ಬರ್ತಾರೆ?"

ಅಂಥ ಮಾತು ನಾನು ಯಾರ ಮುಖಕ್ಕೂ ಹೇಳಿರಲಿಲ್ಲ. ಆರ್ವಿಲ್ ಫೋನನ್ನು ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿ ಕುರ್ಚಿ ಎಳೆದುಕೊಂಡು ಕೂತ.

"ಗ್ಯಾರೇಜಲ್ಲಿ ನನಗೇನೂ ಕೆಲ್ಸ ಇರ್ತಿರಲಿಲ್ಲ, ಆರ್ಡಿಸ್."

"ಮತ್ತೆ?"

"ಈ ಗೋಡೆ ಆ ಕಡೆ ಸ್ಟೂಲ್ ಹಾಕ್ಕೊಂಡು ಕೂತಿರ್ತಿದ್ದೆ. ನೀವು ಮಾತಾಡೋದೆಲ್ಲ ಕೇಳಿಸ್ತಿತ್ತು. ನಿಮ್ಮ ಬಸ್ಸಿಗೆ ಹೆಬ್ಬಾತು ಅಡ್ಡ ನಿಂತಿದ್ದು ಹೇಳಿದ್ರಲ್ಲ, ನಾನೂ ನಕ್ಕಿದ್ದೆ."

"ಅಯ್ಯೋ ದೇವ್ರೇ! ಒಳಗೆ ಬರ್ಬಾರ್ದಿತ್ತೇನ್ರೀ?"

"ಮೊದಲ್ನೇ ಗುರುವಾರ ಲವಾನ್ ಕರೆದ್ಲು, ನೀವೂ ಬನ್ನಿ ಅಂತ. ನಾನು ಬೇಡ ಅಂದೆ." ಆತ ಮೇಜಿನ ಮೇಲಿನ ಚೂರುಗಳನ್ನು ಬೆರಳಲ್ಲಿ ಒಟ್ಟು ಮಾಡುತ್ತಿದ್ದ. "ಮೊದಲ್ನೇ ಸಲಕ್ಕೇ ಹೂಂ ಅನ್ನೋಕಾಗುತ್ತಾ?"

ಅನ್ನಲಾಗುವುದಿಲ್ಲ. ನಮ್ಮೂರಿನಲ್ಲಿ ಯಾರೂ ಅನ್ನುವುದಿಲ್ಲ. ಕಾಫಿ ಬೇಕಾ ಎಂದರೆ ಬೇಡ, ಮತ್ತೆ ಕೇಳಿದರೆ ಅಯ್ಯೋ ತೊಂದರೆ ಯಾಕೆ, ಮೂರನೆಯ ಸಲ ಕೇಳಿದರೆ ಅರ್ಧ ಕಪ್ಪು. ಹುಟ್ಟಿದಾಗಿನಿಂದ ಕಲಿತದ್ದು ಅದೇ.

"ಅವಳು ನಿಮ್ಮ ಜೊತೆ ಮಾತಿಗೆ ಬಿದ್ದಳು, ಮತ್ತೆ ಕರೀಲಿಲ್ಲ. ನಾನು ಬೇಡ ಅಂದಿದ್ದೇ ನಿಜ ಅಂದ್ಕೊಂಡ್ಳು. ಇನ್ನೊಂದು ವಾರ ಕರೀತಾರೇನೋ ಅಂತ ಅಲ್ಲೇ ಕಾಯ್ತಿದ್ದೆ. ಆಮೇಲೆ ಅಲ್ಲಿ ಕೂರೋದೇ ಅಭ್ಯಾಸ ಆಗೋಯ್ತು."

ನನಗೆ ಅಳು ಬಂತು. ನಾನು ಕೂರುತ್ತಿದ್ದ ಜಾಗದಿಂದ ಗ್ಯಾರೇಜಿನ ಬಾಗಿಲು ನಾಲ್ಕು ಹೆಜ್ಜೆ. ಹದಿನೆಂಟು ವರ್ಷ ಒಂದು ಸಲವೂ ಎದ್ದು ಹೋಗಿ ಬನ್ನಿ ಅನ್ನಲಿಲ್ಲ, ಬದಲಿಗೆ ಮುಂಗೋಪಿ ಎಂದು ಬೆನ್ನ ಹಿಂದೆ ಆಡಿಕೊಂಡೆ. ನನ್ನ ಮೇಲೆ ನನಗೇ ಉರಿದುಹೋಯಿತು.

"ನಾಳೆ ನಮ್ಮನೆಗೆ ಕಾಫಿಗೆ ಬನ್ನಿ" ಎಂದೆ.

"ಬೇಡ ಬಿಡಿ, ಆರ್ಡಿಸ್."

"ಬನ್ನಿ ಆರ್ವಿಲ್."

"ಸುಮ್ನೆ ನಿಮಗ್ಯಾಕೆ ತೊಂದರೆ."

ಹೇಳಿ ಆತ ತಲೆ ತಗ್ಗಿಸಿದ. ಆತ ಮೇಜು ನೋಡುತ್ತ ಕೂತೇ ಇದ್ದ, ಉಸಿರು ಹಿಡಿದು. ನಾನು ಮೂಗು ಒರೆಸಿಕೊಂಡು ಮೂರನೆಯ ಸಲ ಕೇಳಿದೆ.

"ಎಷ್ಟು ಗಂಟೆಗೆ ಬರ್ಲಿ?" ಎಂದ ಆರ್ವಿಲ್.